ಆನ್‌ಲೈನ್‌ನಲ್ಲಿ ಕೊಂಡ ಸರಕನ್ನು ಹಿಂದಿರುಗಿಸುವ ಹಕ್ಕು: ಎಲ್ಲಿ ಉಂಟು, ಎಲ್ಲಿ ಇಲ್ಲ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ವಾರದ ಸಂತೆಯಲ್ಲಿ ಕೊಂಡ ಕೊಡ ಸೋರಿದರೆ ಮುಂದಿನ ಸಂತೆಯಲ್ಲಿ ಅದೇ ಅಂಗಡಿಯ ಮುಂದೆ ನಿಂತು ಕೇಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಮಾರಿದವನ ಮುಖ ಪರಿಚಿತ. ನಾಲ್ಕು ಜನರ ಎದುರು ಮಾತು ಬಂದರೆ ಅವನೂ ಒಂದು ಹೆಜ್ಜೆ ತಗ್ಗುತ್ತಾನೆ. ಮೊಬೈಲ್ ದೂರವಾಣಿಯ ಮೂಲಕ ಸರಕು ತರಿಸಿಕೊಳ್ಳುವ ಪದ್ಧತಿಯಲ್ಲಿ ಈ ಅನುಕೂಲವಿಲ್ಲ. ಮಾರಿದವನು ಯಾವ ರಾಜ್ಯದಲ್ಲಿದ್ದಾನೆ ಎಂಬುದು ಕೊಂಡವರಿಗೆ ತಿಳಿದಿರುವುದಿಲ್ಲ. ಪಾರ್ಸೆಲ್ ತಂದ ಹುಡುಗನಿಗೆ ಒಳಗೇನಿದೆ ಎಂಬುದೇ ತಿಳಿಯದು. ಇಂಥ ಸಂದರ್ಭದಲ್ಲಿ ಮನೆಯವರು ಮೊದಲು ಹುಡುಕಿಕೊಂಡು ಬರುವುದು ತಮ್ಮ ವಾರ್ಡಿನ ಸದಸ್ಯರನ್ನು. ಆದುದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಸದಸ್ಯರು ಅರಿತಿರಬೇಕಾದುದು ಅವಶ್ಯ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಸ್ವಸಹಾಯ ಸಂಘದಿಂದ ಸಾಲ ಪಡೆದ ಮಹಿಳೆಯೊಬ್ಬರು ಮೋಟಾರ್ ಸಹಿತವಾದ ಹೊಲಿಗೆ ಯಂತ್ರವನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ತಮ್ಮಲ್ಲಿ ಸ್ಮಾರ್ಟ್ ಫೋನ್ ಇಲ್ಲದ ಕಾರಣ ಪಕ್ಕದ ಮನೆಯ ಯುವಕನ ಫೋನಿನಿಂದ, ಅವನ ಹೆಸರಿನಲ್ಲಿಯೇ ಆದೇಶ ನೀಡಲಾಗಿರುತ್ತದೆ. ಹಣ 9,500 ರೂಪಾಯಿ. ಚಿತ್ರದಲ್ಲಿ ಮೋಟಾರ್ ಇತ್ತು. ಬಂದ ಪೆಟ್ಟಿಗೆಯಲ್ಲಿ ಇಲ್ಲ. ಆಕೆ ಆ ವಾರ ಕಟಾವಿನ ಕೂಲಿಗೆ ಹೋಗಿದ್ದುದರಿಂದ ಪೆಟ್ಟಿಗೆಯನ್ನು ತೆರೆದದ್ದು ಒಂಬತ್ತನೆಯ ದಿನ. ಹಿಂದಿರುಗಿಸುವ ಅವಧಿ ಏಳು ದಿನವಾಗಿತ್ತು, ಅದು ಮುಗಿದಿದೆ ಎಂದು ಫೋನಿನ ಪರದೆ ತೋರಿಸುತ್ತದೆ. ಸಾಲದ ಕಂತು ಮಾತ್ರ ಮುಂದಿನ ತಿಂಗಳಿನಿಂದಲೇ ಆರಂಭ. ಆಕೆ ಸದಸ್ಯರ ಮನೆಗೆ ಬಂದು, "ಇದನ್ನು ವಾಪಸ್ ಕೊಡಿಸಿ" ಎನ್ನುತ್ತಾರೆ. ಸದಸ್ಯರು ಏನು ಹೇಳಬೇಕು?

ಉತ್ತರಿಸುವ ಮೊದಲು ಸದಸ್ಯರು ಕೇಳಬೇಕಾದ ಪ್ರಶ್ನೆ ಒಂದೇ: ಸರಕು ಏಕೆ ಬೇಡ? ಈ ವಿಷಯದ ಕಾನೂನೆಲ್ಲವೂ ಆ ಉತ್ತರದ ಮೇಲೆ ನಿಂತಿದೆ.

ಮನಸ್ಸು ಬದಲಾದರೆ

ಸರಕು ಸರಿಯಾಗಿಯೇ ಇದೆ, ತೋರಿಸಿದಂತೆಯೇ ಇದೆ, ಹೇಳಿದ ದಿನಕ್ಕೇ ಬಂದಿದೆ. ಆದರೆ ಈಗ ಬೇಡವೆನಿಸಿದೆ. ಮಗಳಿಗೆ ಸೀರೆಯ ಅಂಚು ಹಿಡಿಸಲಿಲ್ಲ, ಅಥವಾ ಅಣ್ಣ ಅಷ್ಟರಲ್ಲಿ ಪೇಟೆಯಿಂದ ಇನ್ನೊಂದು ಮಿಕ್ಸರ್ ತಂದುಬಿಟ್ಟ. ಇಂಥ ಸಂದರ್ಭದಲ್ಲಿ ಸರಕನ್ನು ಹಿಂದಿರುಗಿಸುವ ಸಾಮಾನ್ಯ ಹಕ್ಕನ್ನು ಭಾರತದ ಗ್ರಾಹಕ ಕಾನೂನು ನೀಡಿಲ್ಲ. ಈ ಮಾತು ಹಲವರಿಗೆ ಅಚ್ಚರಿಯನ್ನುಂಟುಮಾಡಬಹುದು. ದೊಡ್ಡ ಮಾರಾಟ ವೇದಿಕೆಗಳು ಏಳು ದಿನ, ಹತ್ತು ದಿನ ಎಂದು ಹಿಂಪಡೆಯುವ ಸೌಲಭ್ಯವನ್ನು ಎಷ್ಟೋ ಕಾಲದಿಂದ ನೀಡುತ್ತಿರುವುದರಿಂದ ಅದನ್ನೇ ಜನರು ಕಾನೂನು ಎಂದು ಭಾವಿಸಿದ್ದಾರೆ. ಅದು ವ್ಯಾಪಾರಿಯು ತಾನಾಗಿ ಘೋಷಿಸಿದ ಸೌಲಭ್ಯ. ಸರಕಿನಿಂದ ಸರಕಿಗೆ, ಮಾರಾಟಗಾರನಿಂದ ಮಾರಾಟಗಾರನಿಗೆ ಬದಲಾಗುತ್ತದೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಆನ್‌ಲೈನ್ ಖರೀದಿಗೆ 14 ದಿನಗಳೊಳಗೆ ಕಾರಣವನ್ನೇ ನೀಡದೆ ಹಿಂದೆ ಸರಿಯುವ ಹಕ್ಕು ಕಾನೂನಿನಲ್ಲಿಯೇ ಇದೆ. ಹೊರದೇಶದಲ್ಲಿರುವ ಮಕ್ಕಳು ದೂರವಾಣಿಯಲ್ಲಿ "ಹಾಗೆ ಮಾಡಿ, ಹೀಗೆ ಮಾಡಿ" ಎಂದು ಹೇಳುವಾಗ ಅಲ್ಲಿಯ ನಿಯಮವನ್ನು ಇಲ್ಲಿಗೆ ಅನ್ವಯಿಸುವ ಸಾಧ್ಯತೆಯುಂಟು. ಅದು ಇಲ್ಲಿ ನಡೆಯದು.

ಹಾಗೆಂದು ವ್ಯಾಪಾರಿಯು ಘೋಷಿಸಿದ ಸೌಲಭ್ಯಕ್ಕೆ ಬೆಲೆಯಿಲ್ಲವೆಂದಲ್ಲ. ಹತ್ತು ದಿನಗಳೊಳಗೆ ಮರಳಿ ಪಡೆಯುತ್ತೇವೆಂದು ತೋರಿಸಿ ಸರಕು ಮಾರಿದವನು ಐದನೆಯ ದಿನ ಕೇಳಿದಾಗ ಒಲ್ಲೆನೆಂದರೆ, ತಾನು ಕೊಟ್ಟ ಮಾತಿಗೆ ತಪ್ಪಿದಂತಾಗುತ್ತದೆ. ಆಗ ಅದು ದೂರಿಗೆ ಅರ್ಹವಾದ ವಿಷಯವೇ. ಆದುದರಿಂದ ಹಣ ಪಾವತಿಸುವ ಮೊದಲೇ ಆ ಸರಕಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಷರತ್ತನ್ನು ಓದಬೇಕು. ಹಿಂಪಡೆಯುವುದುಂಟೋ, ಬದಲಿ ಸರಕು ಮಾತ್ರವೋ, ಎರಡೂ ಇಲ್ಲವೋ, ಸಾಗಾಟದ ವೆಚ್ಚ ಯಾರದು ಎಂಬುದು ಅಲ್ಲಿರುತ್ತದೆ. ಒಳಉಡುಪು, ಪ್ರಸಾಧನ ವಸ್ತು, ಬೇಗ ಕೆಡುವ ಪದಾರ್ಥ ಇವುಗಳಿಗೆ ಸಾಮಾನ್ಯವಾಗಿ ಈ ಸೌಲಭ್ಯವಿರುವುದಿಲ್ಲ. ಆ ಪುಟದ ಚಿತ್ರವನ್ನು ಫೋನಿನಲ್ಲಿ ಉಳಿಸಿಟ್ಟುಕೊಂಡರೆ ಮುಂದೆ ಷರತ್ತು ಬದಲಾಯಿತೆಂಬ ವಾದಕ್ಕೆ ಎಡೆಯಿರದು.

ಸರಕು ರವಾನೆಯಾಗುವ ಮೊದಲೇ ಬೇಡವೆನಿಸಿದರೆ ಆದೇಶವನ್ನು ರದ್ದುಪಡಿಸುವುದೇ ಸುಲಭದ ದಾರಿ. ಖಚಿತವಾದ ಆದೇಶವನ್ನು ಗ್ರಾಹಕನು ರದ್ದುಪಡಿಸಿದ್ದಕ್ಕೆ ಮಾರಾಟ ವೇದಿಕೆಯು ಶುಲ್ಕ ವಿಧಿಸಬೇಕಾದರೆ, ತಾನು ಏಕಪಕ್ಷೀಯವಾಗಿ ರದ್ದುಪಡಿಸಿದಾಗ ಅಂಥದೇ ಶುಲ್ಕವನ್ನು ತಾನೂ ಭರಿಸುವಂತಿರಬೇಕು ಎಂದು 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಹೇಳುತ್ತವೆ.

ಸರಕಿನಲ್ಲಿಯೇ ತಪ್ಪಿದ್ದರೆ

ಇಲ್ಲಿಂದ ವಿಷಯ ಪೂರ್ತಿಯಾಗಿ ಬದಲಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಬಹುಭಾಗವು 2020ರ ಜುಲೈ 20ರಂದು ಜಾರಿಗೆ ಬಂದಿತು. ಅದರ ಬೆನ್ನಲ್ಲಿಯೇ, ಜುಲೈ 23ರಂದು ಮೇಲೆ ಹೇಳಿದ ಇ-ವಾಣಿಜ್ಯ ನಿಯಮಗಳು ಪ್ರಕಟವಾದವು. ಈ ನಿಯಮಗಳ ಪ್ರಕಾರ ನಾಲ್ಕು ಸಂದರ್ಭಗಳಲ್ಲಿ ಮಾರಾಟಗಾರನು ಸರಕನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ: ಸರಕು ದೋಷಯುಕ್ತ ಅಥವಾ ಸೇವೆ ನ್ಯೂನವಾಗಿದ್ದಾಗ, ನಕಲಿಯಾಗಿದ್ದಾಗ, ಜಾಹೀರಾತಿನಲ್ಲಿ ತೋರಿಸಿದ ಅಥವಾ ಒಪ್ಪಿಕೊಂಡ ಗುಣಲಕ್ಷಣಗಳು ಇಲ್ಲದಿದ್ದಾಗ, ತಿಳಿಸಿದ ದಿನಕ್ಕಿಂತ ತಡವಾಗಿ ತಲುಪಿದಾಗ. ತಡವಾದ ಸಂದರ್ಭಕ್ಕೆ ಮಾತ್ರ ಒಂದು ವಿನಾಯಿತಿಯಿದೆ. ಪ್ರವಾಹದಂತಹ, ಮನುಷ್ಯನ ಕೈಮೀರಿದ ಕಾರಣದಿಂದ ತಡವಾಗಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಮದುವೆಗೆಂದು ತರಿಸಿದ ಬಟ್ಟೆ ಯಾವ ಸಕಾರಣವೂ ಇಲ್ಲದೆ ಮದುವೆ ಮುಗಿದ ಮೇಲೆ ತಲುಪಿದರೆ, ಬಟ್ಟೆ ಚೆನ್ನಾಗಿಯೇ ಇದ್ದರೂ, ಅದನ್ನು ಮರಳಿಸುವ ಹಕ್ಕು ಈ ನಿಯಮದಿಂದ ದೊರೆಯುತ್ತದೆ. ಈ ಅಂಶವು ಬಹಳ ಜನರಿಗೆ ತಿಳಿದಿಲ್ಲ.

'ದೋಷ' ಎಂಬ ಪದದ ಅರ್ಥವನ್ನೂ ಸದಸ್ಯರು ವಿಶಾಲವಾಗಿ ತಿಳಿಯತಕ್ಕದ್ದು. ಮುರಿದದ್ದು, ಹರಿದದ್ದು ಮಾತ್ರವೇ ದೋಷವಲ್ಲ. ಅಧಿನಿಯಮವು ಗುಣಮಟ್ಟ, ಪ್ರಮಾಣ, ಸಾಮರ್ಥ್ಯ, ಶುದ್ಧತೆ ಇವುಗಳಲ್ಲಿನ ಯಾವುದೇ ಕೊರತೆಯನ್ನು ದೋಷವೆಂದು ಹೇಳುತ್ತದೆ. ಆ ಕೊರತೆಯನ್ನು ಅಳೆಯುವುದು ಕಾನೂನು ಅಥವಾ ಕರಾರು ವಿಧಿಸಿದ ಮಟ್ಟದಿಂದ ಮಾತ್ರವಲ್ಲ, ವ್ಯಾಪಾರಿಯು ಯಾವುದೇ ರೀತಿಯಲ್ಲಿ ಹೇಳಿಕೊಂಡ ಮಟ್ಟದಿಂದಲೂ ಹೌದು. ಚಿತ್ರದಲ್ಲಿ ತೋರಿಸಿದ್ದು, ವಿವರಣೆಯಲ್ಲಿ ಬರೆದದ್ದು, ವೀಡಿಯೋದಲ್ಲಿ ಹೇಳಿದ್ದು ಎಲ್ಲವೂ ಅವನ ಮಾತೇ. ಎರಡು ಕಂಬಳಿಗೆ ಹಣ ಪಡೆದು ಒಂದನ್ನು ಕಳುಹಿಸಿದರೆ ಪ್ರಮಾಣದ ಕೊರತೆ. ಹದಿನಾರು ಲೀಟರಿನ ಸಿಂಪರಣಾ ಯಂತ್ರವೆಂದು ಹೇಳಿ ಹನ್ನೆರಡು ಲೀಟರಿನದನ್ನು ಕಳುಹಿಸಿದರೆ ಅದೂ ದೋಷವೇ, ಯಂತ್ರ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ.

ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿಯ ನಮೂದು ಇಲ್ಲದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅಧಿನಿಯಮವು 'ಅನುಚಿತ ವ್ಯಾಪಾರ ಪದ್ಧತಿ' ಎಂದು ಪರಿಗಣಿಸಿದೆ. ಬಿಲ್ಲು ನೀಡದಿರುವುದೂ ಅದೇ ಪಟ್ಟಿಯಲ್ಲಿದೆ. ಮಾರಿದ ಸರಕನ್ನು ಯಾವ ಕಾರಣಕ್ಕೂ ಹಿಂಪಡೆಯುವುದಿಲ್ಲ ಎಂದು ವ್ಯಾಪಾರಿಯು ಬರೆದುಕೊಂಡ ಮಾತ್ರಕ್ಕೆ ಕಾನೂನಿನ ಈ ಬಾಧ್ಯತೆ ಇಲ್ಲವಾಗದು. ಆ ಬರಹವು ಮನಸ್ಸು ಬದಲಾದವರಿಗೆ ಉತ್ತರವಾಗಬಹುದೇ ಹೊರತು, ಮೋಟಾರ್ ಇಲ್ಲದ ಹೊಲಿಗೆ ಯಂತ್ರ ಪಡೆದವರಿಗೆ ಉತ್ತರವಾಗಲಾರದು.

ಈಗ ಆ ಮಹಿಳೆಯ ಪ್ರಸಂಗಕ್ಕೆ ಮರಳೋಣ. ಆಕೆಯ ಎದುರು ಮೂರು ಆಕ್ಷೇಪಣೆಗಳು ಬರಬಹುದು.

ಮೊದಲನೆಯದು, ಬಿಲ್ಲು ಆಕೆಯ ಹೆಸರಿನಲ್ಲಿಲ್ಲ. ಕೊಂಡವನ ಒಪ್ಪಿಗೆಯಿಂದ ಸರಕನ್ನು ಬಳಸುವವರೂ ಗ್ರಾಹಕರೇ ಎಂದು ಅಧಿನಿಯಮವು ಸ್ಪಷ್ಟಪಡಿಸಿದೆ. ಪಕ್ಕದ ಮನೆಯ ಯುವಕನು ದೂರಿಗೆ ಜೊತೆಯಾದರೆ ಅಥವಾ ಆಕೆಗಾಗಿಯೇ ತರಿಸಿದ್ದೆಂದು ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಫೋನಿಗೆ ಬಂದ ಸಂದೇಶಗಳನ್ನು ಅವನು ಅಳಿಸದಂತೆ ಎಚ್ಚರಿಸುವುದನ್ನು ಮಾತ್ರ ಮರೆಯಬಾರದು.

ಎರಡನೆಯದು, ಯಂತ್ರವನ್ನು ಹಣ ಗಳಿಸಲು ಕೊಂಡದ್ದು. ಮರುಮಾರಾಟಕ್ಕಾಗಲೀ ವಾಣಿಜ್ಯ ಉದ್ದೇಶಕ್ಕಾಗಲೀ ಕೊಂಡವರು ಗ್ರಾಹಕರಲ್ಲ ಎಂಬುದು ನಿಜ. ಆದರೆ ಸ್ವಂತ ಉದ್ಯೋಗದಿಂದ ಜೀವನ ಸಾಗಿಸುವುದಕ್ಕಾಗಿಯೇ ತಾನು ಕೊಂಡು ತಾನೇ ಬಳಸುವ ಸರಕು ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಬಾರದು. ಹೊಲಿಗೆಯ ಮಹಿಳೆ, ತಳ್ಳುಗಾಡಿಗೆ ಗ್ಯಾಸ್ ಒಲೆ ತರಿಸಿದವರು, ಕ್ಷೌರದ ಯಂತ್ರ ತರಿಸಿದವರು ಇವರೆಲ್ಲ ಗ್ರಾಹಕರು. ರೈತರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ, ಕಳಪೆ ಬೀಜದಿಂದ ನಷ್ಟಗೊಂಡ ರೈತನು ಗ್ರಾಹಕನೆಂದೂ, ಬೀಜ ಕಾಯ್ದೆ ಇದ್ದರೂ ಗ್ರಾಹಕ ವೇದಿಕೆಗೆ ಹೋಗಲು ಅಡ್ಡಿಯಿಲ್ಲವೆಂದೂ ತೀರ್ಪಿತ್ತಿದೆ. ಬೀಜವನ್ನು ಆನ್‌ಲೈನ್‌ನಲ್ಲಿ ತರಿಸುವ ರೈತರಿಗೆ ಒಂದು ಮಾತನ್ನು ತಪ್ಪದೆ ಹೇಳಬೇಕು: ಬಿತ್ತಿದ ಮೇಲೆ ಚೀಲವನ್ನು ಎಸೆಯಬಾರದು. ಚೀಲ, ಅದರ ಮೇಲಿನ ಲಾಟ್ ಸಂಖ್ಯೆಯ ಚೀಟಿ, ಬಿಲ್ಲು ಇವು ಮೊಳಕೆ ಬರುವವರೆಗಲ್ಲ, ಕೊಯ್ಲು ಮುಗಿಯುವವರೆಗೂ ಇರಬೇಕು.

ಮೂರನೆಯದು, ಏಳು ದಿನ ಮುಗಿದಿದೆ ಎಂಬುದು. ಇದೇ ತುಸು ತೊಡಕಿನದು. ವೇದಿಕೆಯ ಅವಧಿಯೊಳಗೆ ಗುಂಡಿ ಒತ್ತಿದ್ದರೆ ಕೆಲಸ ಎರಡು ದಿನದಲ್ಲಿ ಮುಗಿಯುತ್ತಿತ್ತು. ತಡವಾದದ್ದರಿಂದ ದಾರಿ ಉದ್ದವಾಯಿತು. "ಇಷ್ಟು ದಿನ ಬಳಸಿ ಕೆಡಿಸಿರಬಹುದು" ಎಂಬ ವಾದಕ್ಕೂ ಎಡೆಯಾಯಿತು. ಆದರೆ ದಾರಿ ಮುಚ್ಚಿತೆಂದು ಅರ್ಥವಲ್ಲ. ತೋರಿಸಿದ ಸರಕು ಬೇರೆ, ಕಳುಹಿಸಿದ ಸರಕು ಬೇರೆ ಎಂದಾಗ ಹಣ ಮರಳಿಸಬೇಕೆಂಬ ಇ-ವಾಣಿಜ್ಯ ನಿಯಮದಲ್ಲಿ ಏಳು ದಿನದ ಮಿತಿಯ ಮಾತಿಲ್ಲ. ಜಿಲ್ಲಾ ಆಯೋಗಕ್ಕೆ ದೂರು ನೀಡಲು ದೂರಿನ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ. ಆದುದರಿಂದ "ಅವಧಿ ಮುಗಿದಿದೆ" ಎಂಬ ಪರದೆಯ ಮೇಲಿನ ಸಾಲನ್ನು ಕೊನೆಯ ತೀರ್ಪೆಂದು ಸ್ವೀಕರಿಸಿ ಆಕೆಯನ್ನು ಹಿಂದಕ್ಕೆ ಕಳುಹಿಸುವುದು ಸದಸ್ಯರಿಂದಾಗುವ ದೊಡ್ಡ ತಪ್ಪು.

ಪಾರ್ಸೆಲ್ ಬಾಗಿಲಿಗೆ ಬಂದಾಗ

ಹಕ್ಕು ಎಷ್ಟೇ ಗಟ್ಟಿಯಾಗಿದ್ದರೂ ಸಾಕ್ಷ್ಯವಿಲ್ಲದೆ ಅದು ನಿಲ್ಲುವುದಿಲ್ಲ. ಪಾರ್ಸೆಲ್‌ನ ಹೊರ ಅಂಟುಪಟ್ಟಿ ಕಿತ್ತಿದ್ದರೆ ಅಥವಾ ಪೆಟ್ಟಿಗೆ ನುಗ್ಗಿದ್ದರೆ ತಂದವರ ಎದುರಿನಲ್ಲಿಯೇ ಫೋಟೋ ತೆಗೆದುಕೊಂಡು, ಸಾಧ್ಯವಿದ್ದರೆ ಸ್ವೀಕರಿಸದೆ ಹಿಂದೆ ಕಳುಹಿಸಬೇಕು. ತಲುಪಿಸಿದ್ದಕ್ಕೆ ಒಂದು ಸಂಖ್ಯೆಯನ್ನು ಕೇಳುವ ಪದ್ಧತಿಯಿದ್ದಲ್ಲಿ, ಪಾರ್ಸೆಲ್ ಕೈಗೆ ಬರುವ ಮೊದಲೇ ಆ ಸಂಖ್ಯೆಯನ್ನು ಹೇಳಬಾರದು. ತೆರೆದು ತೋರಿಸಿ ಕೊಡುವ ವ್ಯವಸ್ಥೆ ಇದ್ದರೆ, ತೆರೆದು ನೋಡಿದ ನಂತರವೇ ಹೇಳಬೇಕು. ಪೆಟ್ಟಿಗೆಯ ಮೇಲಿನ ವಿಳಾಸದ ಚೀಟಿಯಿಂದ ಆರಂಭಿಸಿ ಒಳಗಿನ ಸರಕು ಹೊರಬರುವವರೆಗೆ ನಡುವೆ ನಿಲ್ಲಿಸದೆ ವೀಡಿಯೋ ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಇದು ಕಾನೂನು ವಿಧಿಸಿದ ಷರತ್ತಲ್ಲ. ವೀಡಿಯೋ ಇಲ್ಲವೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಫೋಟೋ, ತೂಕದ ಚೀಟಿ, ಬಿಡಿಸುವಾಗ ಜೊತೆಗಿದ್ದವರ ಮಾತು ಇವೂ ಸಾಕ್ಷ್ಯವೇ. ಪೆಟ್ಟಿಗೆ ಮತ್ತು ಅದರೊಳಗಿನ ಚೀಟಿಗಳನ್ನು ಒಲೆಗೆ ಹಾಕುವ ಮೊದಲು ನಾಲ್ಕು ದಿನ ಕಾಯುವುದು ಕಷ್ಟದ ಕೆಲಸವಲ್ಲ.

ಮನೆಯವರಾರೂ ಆದೇಶಿಸದ ಪಾರ್ಸೆಲ್ ಬಂದು "ಹಣ ಕೊಟ್ಟು ಬಿಡಿಸಿಕೊಳ್ಳಿ" ಎನ್ನುವುದೂ ಉಂಟು. ಮಗ ತರಿಸಿರಬೇಕೆಂದು ವೃದ್ಧರು ಹಣ ಕೊಟ್ಟುಬಿಡುತ್ತಾರೆ. ಕೇಳದ ಸರಕಿಗೆ ಹಣ ಕೊಡಬೇಕಾದ ಬಾಧ್ಯತೆ ಯಾರಿಗೂ ಇಲ್ಲ. ಮನೆಯವರನ್ನು ವಿಚಾರಿಸಿ ಖಚಿತಪಡಿಸಿಕೊಂಡ ನಂತರವೇ ಸ್ವೀಕರಿಸಬೇಕು. ಇಲ್ಲವಾದರೆ ಹಿಂದೆ ಕಳುಹಿಸಬೇಕು. ಇದಕ್ಕೆ ಹತ್ತಿರದ ಇನ್ನೊಂದು ತಂತ್ರವೆಂದರೆ, ನಾವು ಆರಿಸದ ವಸ್ತುವನ್ನೋ ವಿಮೆಯನ್ನೋ ದೇಣಿಗೆಯನ್ನೋ ಹಣ ಪಾವತಿಯ ಹಂತದಲ್ಲಿ ಸದ್ದಿಲ್ಲದೆ ಸೇರಿಸುವುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇಂಥ ಹದಿಮೂರು ಬಗೆಯ ದಾರಿತಪ್ಪಿಸುವ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಗ್ರಾಹಕನ ಒಪ್ಪಿಗೆಯೆಂದು ತಿಳಿಯುವಂತಿಲ್ಲ ಎಂಬುದು 2020ರ ನಿಯಮಗಳಲ್ಲಿಯೂ ಇದೆ.

ಹಣ ಮರಳುವ ಹೊತ್ತಿನ ಅಪಾಯ

ಸರಕು ಹಿಂದಿರುಗಿಸುವ ಗಡಿಬಿಡಿಯಲ್ಲಿ, ಇದ್ದ ಹಣವನ್ನೂ ಕಳೆದುಕೊಳ್ಳುವ ಅಪಾಯವಿದೆ. ಕಂಪನಿಯ ಸಹಾಯವಾಣಿ ಯಾವುದೆಂದು ಅಂತರ್ಜಾಲದಲ್ಲಿ ಹುಡುಕಿ, ಮೊದಲು ಕಂಡ ಸಂಖ್ಯೆಗೆ ಕರೆಮಾಡುತ್ತಾರೆ. ಅದು ವಂಚಕರು ಇಟ್ಟ ಸಂಖ್ಯೆಯಾಗಿರುತ್ತದೆ. ಹಣ ಮರಳಿಸಲು ಈ ಕೊಂಡಿಯನ್ನು ಒತ್ತಿ, ಈ ಆ್ಯಪ್ ಹಾಕಿಕೊಳ್ಳಿ, ಪಿನ್ ನಮೂದಿಸಿ ಎಂದು ಅತ್ತಲಿಂದ ನಯವಾಗಿ ಹೇಳುತ್ತಾರೆ. ಗ್ರಾಮ ಸಭೆಯಲ್ಲಿ ಸದಸ್ಯರು ಹತ್ತು ಬಾರಿ ಹೇಳಬೇಕಾದ ಮಾತೊಂದಿದೆ: ಯುಪಿಐ ಪಿನ್ ಇರುವುದು ಹಣ ಕೊಡುವುದಕ್ಕೆ ಮಾತ್ರ, ಪಡೆಯುವುದಕ್ಕೆ ಯಾವ ಪಿನ್ ಕೂಡ ಬೇಕಾಗುವುದಿಲ್ಲ. ಸಹಾಯವಾಣಿಯ ಸಂಖ್ಯೆಯನ್ನು ಸರಕು ತರಿಸಿದ ಆ್ಯಪ್‌ನ ಒಳಗಿನಿಂದಲೇ ತೆಗೆದುಕೊಳ್ಳಬೇಕು. ಸರಕು ತಲುಪಿದಾಗ ನಗದು ಕೊಟ್ಟವರು ಹಣ ಮರಳಿ ಪಡೆಯಲು ಬ್ಯಾಂಕ್ ಖಾತೆಯ ವಿವರ ನೀಡಬೇಕಾಗುತ್ತದೆ. ಅದನ್ನು ಆ್ಯಪ್‌ನ ಒಳಗೆ ಮಾತ್ರ ತುಂಬಬೇಕು, ಕರೆ ಮಾಡಿದವರಿಗೆ ಬಾಯಲ್ಲಿ ಹೇಳಬಾರದು. ವಂಚನೆ ನಡೆದೇಹೋಗಿದ್ದರೆ ಗ್ರಾಹಕ ಆಯೋಗದ ಮಾತು ಆಮೇಲೆ; ಮೊದಲು 1930 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬೇಕು. ಇಲ್ಲಿ ಗಂಟೆಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕ.

ಸಾಮಾಜಿಕ ಜಾಲತಾಣದ ಜಾಹೀರಾತು ನೋಡಿ ವಾಟ್ಸಾಪ್ ಮೂಲಕ ಮುಂಗಡ ಹಣ ಕಳುಹಿಸುವ ಖರೀದಿಯ ಬಗ್ಗೆಯೂ ಎರಡು ಮಾತು. ವ್ಯಾಪಾರವಾಗಿ ಮಾರುವವನಿಗೆ ಅಧಿನಿಯಮವು ಅನ್ವಯಿಸುತ್ತದೆ ನಿಜ, ಆದರೆ ವಿಳಾಸವೇ ಇಲ್ಲದವನಿಗೆ ನೋಟಿಸನ್ನು ಎಲ್ಲಿಗೆ ಕಳುಹಿಸುವುದು? ಹೆಸರು, ಅಂಚೆ ವಿಳಾಸ, ಬಿಲ್ಲು ಮೂರೂ ಇಲ್ಲದವನಿಂದ ಕೊಳ್ಳದಿರುವುದೇ ವಾಸಿ. ಹಳೆಯ ಫೋನನ್ನು ತನ್ನ ಸ್ವಂತದ್ದೆಂದು ಮಾರುವ, ವ್ಯಾಪಾರವನ್ನೇ ವೃತ್ತಿಯಾಗಿಸಿಕೊಳ್ಳದ ವ್ಯಕ್ತಿಗೆ ಇ-ವಾಣಿಜ್ಯ ನಿಯಮಗಳು ಅನ್ವಯಿಸುವುದಿಲ್ಲ ಎಂಬುದೂ ತಿಳಿದಿರಲಿ.

ದೂರಿನ ದಾರಿ

ಮೊದಲ ದೂರು ವೇದಿಕೆಗೇ ಹೋಗಬೇಕು. ಪ್ರತಿಯೊಂದು ವೇದಿಕೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ಪ್ರಕಟಿಸಿರತಕ್ಕದ್ದು. ಅವರು 48 ಗಂಟೆಗಳೊಳಗೆ ದೂರಿನ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ದೂರಿಗೆ ಒಂದು ಸಂಖ್ಯೆಯನ್ನೂ ನೀಡತಕ್ಕದ್ದು. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳದೆ ಬರಿಯ ಕರೆಯಲ್ಲಿ ಮಾತನಾಡಿದ್ದು ಲೆಕ್ಕಕ್ಕೆ ಸಿಗುವುದಿಲ್ಲ. "ನಾವು ಬರಿಯ ಮಧ್ಯವರ್ತಿ, ಮಾರಿದವರನ್ನು ಕೇಳಿ" ಎಂಬ ಉತ್ತರ ಬಂದರೆ, ಮಾರಿದವರ ಕೇಂದ್ರ ಕಚೇರಿಯ ಹಾಗೂ ಶಾಖೆಗಳ ವಿಳಾಸ, ಇಮೇಲ್ ಮುಂತಾದ ವಿವರಗಳನ್ನು ನೀಡಿರೆಂದು ಲಿಖಿತವಾಗಿ ಕೇಳಬೇಕು. ಕೊಂಡ ಗ್ರಾಹಕನು ಹಾಗೆ ಕೇಳಿದರೆ ವೇದಿಕೆಯು ಅವನ್ನು ಒದಗಿಸತಕ್ಕದ್ದು.

ಎರಡನೆಯ ಹಂತವಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಸಹಾಯವಾಣಿಯು ಕಂಪನಿಯೊಡನೆ ವ್ಯವಹರಿಸಿ ಇತ್ಯರ್ಥಕ್ಕೆ ಯತ್ನಿಸುತ್ತದೆ. ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಆದರೂ ಸಣ್ಣ ಮೊತ್ತದ ದೂರುಗಳಿಗೆ ಮೊದಲು ಹಿಡಿಯಬೇಕಾದ ದಾರಿ ಇದೇ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ದೂರು ಬಾಕಿಯಿದೆ ಎಂದು ಎರಡು ವರ್ಷಗಳ ಗಡುವನ್ನು ಮರೆತು ಕೂರಬಾರದು, ಅಷ್ಟೆ.

ಮೂರನೆಯದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಳೆಯ 1986ರ ಕಾಯ್ದೆಯಲ್ಲಿ ಎದುರುಪಕ್ಷದವರು ಇರುವ ಅಥವಾ ವ್ಯಾಜ್ಯದ ಕಾರಣ ಉದ್ಭವಿಸಿದ ಸ್ಥಳದ ಲೆಕ್ಕದಲ್ಲಿ ದೂರು ಸಲ್ಲಿಸಬೇಕಾಗಿತ್ತು. 2019ರ ಅಧಿನಿಯಮವು ದೂರುದಾರನು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೂ ದೂರು ಸಲ್ಲಿಸಲು ಅವಕಾಶ ನೀಡಿದೆ. ಹಳ್ಳಿಯ ಗ್ರಾಹಕರ ಪಾಲಿಗೆ ಈ ಒಂದು ತಿದ್ದುಪಡಿ ಉಳಿದೆಲ್ಲವುಗಳಿಗಿಂತ ದೊಡ್ಡದು. ಮಾರಿದವನು ದೆಹಲಿಯಲ್ಲಿರಲಿ, ಸೂರತ್ತಿನಲ್ಲಿರಲಿ, ಉತ್ತರ ಕೊಡಲು ಅವನೇ ನಮ್ಮ ಜಿಲ್ಲೆಯ ಆಯೋಗದ ಮುಂದೆ ಬರಬೇಕಾಗುತ್ತದೆ. ಸರಕಿಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ಗ್ರಾಹಕರು ತಾವೇ ವಾದಿಸಬಹುದು. ಅಂತರ್ಜಾಲದ ಮೂಲಕ ದೂರು ಸಲ್ಲಿಸಲು 2020ರಲ್ಲಿ ಇ-ದಾಖಿಲ್ ಬಂದಿತು. 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ತಾಣ ಬಳಕೆಗೆ ಬಂದಿದೆ. ವೀಡಿಯೋ ಮೂಲಕ ವಿಚಾರಣೆ ಕೋರಲೂ ಅವಕಾಶವಿದೆ.

ದೂರಿನಲ್ಲಿ ವೇದಿಕೆ ಮತ್ತು ಮಾರಾಟಗಾರ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸುವುದು ಜಾಣತನ. ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದು ಆಗ ಆಯೋಗದ ಎದುರಿನಲ್ಲಿಯೇ ಆಗುತ್ತದೆ. ನೋಟಿಸ್ ತಲುಪಿದ ಮೇಲೆ ಉತ್ತರಿಸಲು ಎದುರುದಾರರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಸರಕಿನ ಪರೀಕ್ಷೆ ಅಗತ್ಯವಿಲ್ಲದ ದೂರನ್ನು ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದುದನ್ನು ಐದು ತಿಂಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಅಧಿನಿಯಮ ಹೇಳುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದೆಂದು ದೂರುದಾರರಿಗೆ ಮೊದಲೇ ತಿಳಿಸುವುದು ಒಳಿತು. ಆಯೋಗದ ಆದೇಶವನ್ನು ಪಾಲಿಸದವರಿಗೆ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದಂತೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. 350 ರೂಪಾಯಿಯ ಬಟ್ಟೆಗೆ ಆಯೋಗದ ಮೆಟ್ಟಿಲೇರುವುದು ಬೇಕೆ ಎಂಬುದನ್ನು ಅವರವರೇ ತೂಗಿನೋಡಬೇಕು. 9,500 ರೂಪಾಯಿಯ ಸಾಲ ಹೊತ್ತ ಮಹಿಳೆಗೆ ಮಾತ್ರ ಈ ದಾರಿಯನ್ನು ತೋರಿಸದಿರುವುದು ನ್ಯಾಯವಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಅನ್ವಯ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅವರನ್ನು ಕಳುಹಿಸಿಕೊಡಬಹುದು.

ಪಂಚಾಯಿತಿಯ ಕೈಯಲ್ಲಿರುವುದು

ಗ್ರಾಮ ಪಂಚಾಯಿತಿಗೆ ಮಾರಾಟಗಾರನಿಗೆ ಆದೇಶ ನೀಡುವ ಅಧಿಕಾರವಿಲ್ಲ. ಪಾರ್ಸೆಲ್ ತಂದ ಹುಡುಗನನ್ನು ತಡೆದು ನಿಲ್ಲಿಸಿ ಹಣ ಕೇಳುವುದಂತೂ ಸಲ್ಲದು. ಅವನು ದಿನಗೂಲಿಯ ಲೆಕ್ಕದಲ್ಲಿ ದುಡಿಯುವವನು, ಸರಕಿನ ತಪ್ಪು ಅವನದಲ್ಲ. ಪಂಚಾಯಿತಿಯಿಂದ ಆಗಬಹುದಾದ ಕೆಲಸ ಬೇರೆಯದಿದೆ. ಅರಿವು ಕೇಂದ್ರದಲ್ಲಿ ಗಣಕಯಂತ್ರವೂ ಅಂತರ್ಜಾಲವೂ ಇರುವೆಡೆ, ವಾರದಲ್ಲೊಂದು ನಿಗದಿತ ಹೊತ್ತನ್ನು ಇಂಥ ದೂರುಗಳಿಗೆ ಮೀಸಲಿಟ್ಟರೆ ಓದುಬರಹ ಕಡಿಮೆಯಿರುವವರಿಗೆ ದೊಡ್ಡ ನೆರವಾಗುತ್ತದೆ. ದೂರು ಬರೆಯುವುದಕ್ಕೆ ಪಂಡಿತರು ಬೇಕಿಲ್ಲ: ಯಾವ ದಿನ ಆದೇಶ, ಆದೇಶದ ಸಂಖ್ಯೆ, ಎಷ್ಟು ಹಣ, ಏನು ತೋರಿಸಿದರು, ಏನು ಬಂತು, ಯಾವ ದಿನ ದೂರಿದೆವು, ಏನು ಉತ್ತರ ಬಂತು, ನಮಗೇನು ಬೇಕು. ಇಷ್ಟನ್ನು ದಿನಾಂಕದ ಕ್ರಮದಲ್ಲಿ ಬರೆದರೆ ಸಾಕು. ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹಣ ಬೇಕೋ, ಬದಲಿ ಸರಕು ಬೇಕೋ, ಅಲೆದಾಟದ ಪರಿಹಾರವೂ ಬೇಕೋ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು.

ಒಂದೇ ಮಾರಾಟಗಾರನಿಂದ ಊರಿನ ಹಲವು ಮನೆಗಳಿಗೆ ಮೋಸವಾಗಿದ್ದರೆ ಅದು ಒಬ್ಬೊಬ್ಬರ ದೂರಾಗಿ ಉಳಿಯಬೇಕಾಗಿಲ್ಲ. ಗ್ರಾಹಕರ ಸಮೂಹಕ್ಕೆ ಹಾನಿಕರವಾದ ಅನುಚಿತ ವ್ಯಾಪಾರ ಪದ್ಧತಿ ಅಥವಾ ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ಲಿಖಿತ ದೂರನ್ನು ಜಿಲ್ಲಾಧಿಕಾರಿಯವರಿಗೆ ಸಲ್ಲಿಸಲು ಅಧಿನಿಯಮದ 17ನೆಯ ಪ್ರಕರಣದಲ್ಲಿ ಅವಕಾಶವಿದೆ. 16ನೆಯ ಪ್ರಕರಣದನ್ವಯ ಜಿಲ್ಲಾಧಿಕಾರಿಯವರು ವಿಚಾರಣೆ ನಡೆಸಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಸಲ್ಲಿಸಬಹುದು. ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತಿನ ಅಧ್ಯಕ್ಷರೂ ಅವರೇ. ಮನೆಗಳ ಪಟ್ಟಿ, ಬಿಲ್ಲುಗಳ ಪ್ರತಿ, ಜಾಹೀರಾತಿನ ಚಿತ್ರ ಇವನ್ನು ಲಗತ್ತಿಸಿ, ಗ್ರಾಮ ಸಭೆಯ ನಡವಳಿಯೊಂದಿಗೆ ಕಳುಹಿಸಿದರೆ ಅಂಥ ದೂರಿಗೆ ತೂಕ ಬರುತ್ತದೆ.

ಸದಸ್ಯರ ಚರ್ಚೆಗೆ

ಮುಂದಿನ ಮಾಸಿಕ ಸಭೆಯಲ್ಲಿ ಈ ಮೂರು ಪ್ರಸಂಗಗಳನ್ನು ಸದಸ್ಯರು ಚರ್ಚಿಸುವುದು. ಒಂದು: ಹಬ್ಬಕ್ಕೆಂದು ತರಿಸಿದ ಪಂಚೆ ಹೇಳಿದ ದಿನಕ್ಕೆ, ತೋರಿಸಿದಂತೆಯೇ ಬಂದಿದೆ, ಆದರೆ ಅದೇ ಪಂಚೆ ಪೇಟೆಯಲ್ಲಿ ಎಂಬತ್ತು ರೂಪಾಯಿ ಕಡಿಮೆಗೆ ಸಿಗುತ್ತಿದೆ, ಹಿಂಪಡೆಯುವ ಸೌಲಭ್ಯವಿಲ್ಲವೆಂದು ಪುಟದಲ್ಲಿ ಮೊದಲೇ ಬರೆದಿತ್ತು. ಎರಡು: ರೈತರೊಬ್ಬರು ಆನ್‌ಲೈನ್‌ನಲ್ಲಿ ತರಿಸಿದ ಟೊಮೇಟೊ ಬೀಜ ಮೊಳೆಯಲಿಲ್ಲ, ಬಿಲ್ಲಿದೆ, ಚೀಲ ಎಸೆದಿದ್ದಾರೆ, ಆದರೆ ಬಿತ್ತುವ ದಿನ ಮಗ ತೆಗೆದ ಫೋಟೋದಲ್ಲಿ ಚೀಲದ ಚೀಟಿ ಕಾಣುತ್ತದೆ. ಮೂರು: ಮೇಲೆ ಹೇಳಿದ ಹೊಲಿಗೆ ಯಂತ್ರದ ಮಹಿಳೆಗೆ ವೇದಿಕೆಯವರು "ಮೋಟಾರನ್ನು ಪ್ರತ್ಯೇಕವಾಗಿ ಅರ್ಧ ಬೆಲೆಗೆ ಕೊಡುತ್ತೇವೆ, ದೂರು ಮುಗಿಸಿ" ಎಂದು ಸಂದೇಶ ಕಳುಹಿಸಿದ್ದಾರೆ, ಆಕೆ ಒಪ್ಪಬೇಕೆ, ಒಪ್ಪದಿದ್ದರೆ ಅದೇ ಸಂದೇಶಕ್ಕೆ ಏನೆಂದು ಉತ್ತರಿಸಬೇಕು? ಆ ಉತ್ತರವನ್ನು ಐದು ಸಾಲುಗಳಲ್ಲಿ ಬರೆದು ಸಭೆಗೆ ತರುವುದು.